ಗುಜರಿಗೆ ಹಾಕುವ ಮುನ್ನ ಆ ರೇಡಿಯೊ ಬಿಚ್ಚಿ ನೋಡಿ

ಜಾತ್ರೆಯಲ್ಲಿ ಮೈಕ್ ಸೆಟ್‌ನವರು ವಾಲ್ಯೂಮ್ ಪೂರ್ತಿ ತಿರುಗಿಸಿದರೆ ಹಾರ್ನ್‌ನಲ್ಲಿ ಹಾಡು ಒಡೆದು ಕೇಳುತ್ತದೆ. ಹೊಳೆನರಸೀಪುರವಾಗಲಿ ಅರಕಲಗೂಡಾಗಲಿ, ‘ಸೌಂಡ್ ಒಡೀತಿದೆ, ಕಮ್ಮಿ ಮಾಡಪ್ಪ’ ಅನ್ನದ ಹಿರಿಯರಿಲ್ಲ. ಆ ಒಡೆದ ದನಿಯನ್ನೇ ಬೇಕೆಂದು ಹೊರಡಿಸುವ ಪುಟ್ಟ ಪೆಟ್ಟಿಗೆ ಗಿಟಾರಿನ ಫಝ್ ಪೆಡಲ್. ಹಾಸನದಲ್ಲಿ ಗಿಟಾರ್ ಹಿಡಿದ ಕಾಲೇಜು ಹುಡುಗರಿಗೆ ಅದು ಆನ್‌ಲೈನಿನಲ್ಲಿ ಸಾವಿರಾರು ರೂಪಾಯಿ ಕೊಟ್ಟು ತರಿಸುವ ಮಾಯೆ.

ಒಳಗೆ ಮಾಯೆಯೇನೂ ಇಲ್ಲ. 1966ರಲ್ಲಿ ಲಂಡನ್ನಿನಲ್ಲಿ ಬಂದ, ಜಿಮಿ ಹೆಂಡ್ರಿಕ್ಸ್‌ನಿಂದ ಹೆಸರಾದ ‘ಫಝ್ ಫೇಸ್’ನಲ್ಲಿದ್ದದ್ದು ಎರಡು ಟ್ರಾನ್ಸಿಸ್ಟರ್, ನಾಲ್ಕು ರೆಸಿಸ್ಟರ್, ಮೂರು ಕೆಪಾಸಿಟರ್, ತಿರುಗಿಸಲು ಎರಡು ಕಂಟ್ರೋಲ್, 9 ವೋಲ್ಟಿನ ಬ್ಯಾಟರಿ. ಗಿಟಾರಿನಿಂದ ಬರುವ ಸಣ್ಣ ಸಿಗ್ನಲ್ಲನ್ನು ಮೊದಲ ಟ್ರಾನ್ಸಿಸ್ಟರ್ ದೊಡ್ಡದು ಮಾಡುತ್ತದೆ, ಎರಡನೆಯದು ಇನ್ನೂ ದೊಡ್ಡದು ಮಾಡಲು ಹೋಗುತ್ತದೆ. ಆದರೆ ಬ್ಯಾಟರಿ ಕೊಡುವುದೇ 9 ವೋಲ್ಟ್. ಅಲೆ ಅದಕ್ಕಿಂತ ಮೇಲೇಳಲಾರದೆ ತಲೆ, ಬುಡ ಎರಡೂ ಚಪ್ಪಟೆಯಾಗುತ್ತದೆ. ಚಪ್ಪಟೆ ಅಲೆಯಲ್ಲಿ ಮೂಲ ಸ್ವರದ ಎರಡು ಪಟ್ಟು, ಮೂರು ಪಟ್ಟು ಕಂಪನದ ಹೊಸ ಸ್ವರಗಳು ಹುಟ್ಟುತ್ತವೆ. ಗೊರಗೊರ ಅನ್ನುವುದು ಅವೇ.

ಕಷ್ಟ ಇರುವುದು ಬಯಾಸ್‌ನಲ್ಲಿ. ಎರಡನೇ ಟ್ರಾನ್ಸಿಸ್ಟರಿನ ಕಲೆಕ್ಟರ್‌ನಲ್ಲಿ ಸುಮಾರು 4.5 ವೋಲ್ಟ್ ನಿಲ್ಲಬೇಕು. ಹೆಚ್ಚು ತಪ್ಪಿದರೆ ಸ್ವರ ಬಿಕ್ಕಳಿಸಿ ಬೇಗ ನಿಲ್ಲುತ್ತದೆ. ಜರ್ಮೇನಿಯಂ ಟ್ರಾನ್ಸಿಸ್ಟರ್ ಆದರೆ ಸೆಖೆ ಏರಿದಂತೆ ಒಳಗೆ ಕರೆಂಟು ಸೋರಿ ಬಯಾಸ್ ಜಾರುತ್ತದೆ. ಒಂದೇ ನಂಬರಿನ ಎರಡು ಟ್ರಾನ್ಸಿಸ್ಟರೂ ಒಂದೇ ಥರ ಇರುವುದಿಲ್ಲ. ಮೀಟರ್ ಹಿಡಿದು ಆರಿಸಲೇಬೇಕು.

ಈ ಕೆಲಸ ಕೈಗೆ ಹತ್ತಿದವರು ನಮ್ಮ ತಾಲ್ಲೂಕು ಕೇಂದ್ರಗಳ ರೇಡಿಯೊ ರಿಪೇರಿಯವರು. ಬೆಂಗಳೂರಿನ ಬಿಇಎಲ್ ತಯಾರಿಸಿದ ಎಸಿ 128 ಹಳೆಯ ರೇಡಿಯೊಗಳಲ್ಲಿ ಸ್ಪೀಕರ್ ಓಡಿಸುವ ಜರ್ಮೇನಿಯಂ ಟ್ರಾನ್ಸಿಸ್ಟರ್. ಫಝ್ ಕಟ್ಟುವವರು ಇಂದಿಗೂ ಹುಡುಕುವ ನಂಬರುಗಳಲ್ಲಿ ಅದೂ ಒಂದು. ಅಂಥ ಬೋರ್ಡುಗಳು ನಮ್ಮಲ್ಲಿ ಗುಜರಿಯವರ ತಕ್ಕಡಿಗೆ ಬೀಳುತ್ತವೆ. ರಿಪೇರಿ ಬಲ್ಲ ಹಿರಿಯರು ಮೊಬೈಲ್ ಕವರ್ ಮಾರುತ್ತಾರೆ, ಇಲ್ಲವೇ ಅಂಗಡಿ ಮುಚ್ಚುತ್ತಾರೆ.

ನಾವು ಹೇಳುವುದಿಷ್ಟೇ. ಐಟಿಐ, ಪಾಲಿಟೆಕ್ನಿಕ್ಕಿನವರು ಅಂಥ ಒಬ್ಬರನ್ನು ಗೌರವಧನ ಕೊಟ್ಟು ಲ್ಯಾಬಿಗೆ ಕರೆಯಲಿ. ಹುಡುಗರು ಅವರ ಮುಂದೆ ಕೂತು ಫಝ್ ಕಟ್ಟಲಿ. ಬಯಾಸ್, ಗೇನ್, ಕ್ಲಿಪ್ಪಿಂಗ್ ಮೂರೂ ಒಂದೇ ಬೋರ್ಡಿನಲ್ಲಿ ಕಿವಿಗೇ ಕೇಳುವಾಗ ಪರೀಕ್ಷೆಗೆಂದು ಬಾಯಿಪಾಠ ಬೇಕಿಲ್ಲ. ಚನ್ನರಾಯಪಟ್ಟಣದ ಹುಡುಗನೊಬ್ಬ ತಾನೇ ಕಟ್ಟಿದ ಪೆಡಲ್ ಮಾರಿದರೆ ಬೇಡ ಅನ್ನುವವರಾರು? ಆದರೆ ಕಲಿಸುವವರಿಗೆ ವಯಸ್ಸಾಗುತ್ತಿದೆ. ಇನ್ನು ಹತ್ತು ವರ್ಷ ಬಿಟ್ಟು ಹುಡುಕಿದರೆ ರೇಡಿಯೊ ಸಿಕ್ಕೀತು, ರಿಪೇರಿ ಮಾಡಿದ ಕೈ ಸಿಗಲಾರದು.