ಉಚಿತ ಎಂದರೆ ಸಾಕೇ?

ಬೆಂಗಳೂರಿನ ಅರಮನೆ ರಸ್ತೆಯ ಮಾಣಿಕ್ಯವೇಲು ಮಹಲಿನಲ್ಲಿ 2009ರಲ್ಲಿ ಆರಂಭವಾದ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯವು ವರ್ಣಚಿತ್ರಗಳ ಜೊತೆಗೆ ಸಾಕ್ಷ್ಯಚಿತ್ರಗಳನ್ನೂ ಸಾರ್ವಜನಿಕರಿಗೆ ಉಚಿತವಾಗಿ ತೋರಿಸಿದೆ. ಇದು ಸ್ವಾಗತಾರ್ಹ. ಆದರೆ ಭದ್ರಾವತಿಯ ಕಾರ್ಮಿಕನೊಬ್ಬ ಮಡದಿ ಮಕ್ಕಳೊಡನೆ ಅಲ್ಲಿಗೆ ಹೋಗಿಬರಬೇಕಾದರೆ ಒಂದು ದಿನದ ಕೂಲಿಯನ್ನೂ ರೈಲು ಖರ್ಚನ್ನೂ ಕಳೆದುಕೊಳ್ಳಬೇಕು. ಆತನ ಪಾಲಿಗೆ ಅದು ಉಚಿತ ಹೇಗಾದೀತು?

ಹಿಂದೆ ಹೀಗಿರಲಿಲ್ಲ. 1948ರಲ್ಲಿ ಸ್ಥಾಪನೆಯಾದ ಫಿಲ್ಮ್ಸ್ ಡಿವಿಷನ್‌ನ ಕಿರುಚಿತ್ರಗಳನ್ನು ಪ್ರತಿಯೊಂದು ಚಿತ್ರಮಂದಿರವೂ ಕಡ್ಡಾಯವಾಗಿ ತೋರಿಸಬೇಕಾಗಿತ್ತು. (ಆ ಹೊತ್ತಿನಲ್ಲಿ ಬೀಡಿ ಸೇದಲು ಹೊರಗೆ ನಡೆಯುವವರೂ ಇದ್ದರೆನ್ನಿ.) 2022ರಲ್ಲಿ ಆ ಸಂಸ್ಥೆ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ ವಿಲೀನಗೊಂಡಿತು. ಜನರ ತೆರಿಗೆಯಿಂದ ತಯಾರಾದ ಆ ಚಿತ್ರಗಳು ಇಂದು ಜನರಿದ್ದಲ್ಲಿಗೆ ಬರುತ್ತಿಲ್ಲ.

ಸಿನಿಮಾ ಎಂದೊಡನೆ ನಮ್ಮ ಹಿರಿಯರು ಮುಖ ತಿರುಗಿಸುತ್ತಾರೆ. ಅವರ ಆತಂಕ ನಿರಾಧಾರವಲ್ಲ. ಆದರೆ ಹಗಲಿರುಳೂ ಟಿವಿ ಉರಿಯುವ ಮನೆಯಲ್ಲಿ ಸಾಕ್ಷ್ಯಚಿತ್ರಕ್ಕೆ ಮಾತ್ರ ನಿಷೇಧವೆಂದರೆ ಅರ್ಥವಿದೆಯೇ? ಸಾಕ್ಷ್ಯ ಎಂಬ ಹೆಸರಿದ್ದ ಮಾತ್ರಕ್ಕೆ ಅದು ಸತ್ಯವಾಗಿಬಿಡುವುದೂ ಇಲ್ಲ. ಕ್ಯಾಮೆರಾವನ್ನು ಎಲ್ಲಿ ಇಡಬೇಕು, ಯಾರ ಮಾತನ್ನು ಕತ್ತರಿಸಬೇಕು ಎಂದು ಯಾರೋ ತೀರ್ಮಾನಿಸಿರುತ್ತಾರೆ. ಲಿಂಗನಮಕ್ಕಿ ಅಣೆಕಟ್ಟೆಯನ್ನು ಹೊಗಳುವ ಚಿತ್ರವೊಂದನ್ನು ಬೆಂಗಳೂರಿನಲ್ಲಿ ತೋರಿಸಿದರೆ ಚಪ್ಪಾಳೆ ಬಿದ್ದೀತು. ಅದನ್ನೇ ಶಿವಮೊಗ್ಗದಲ್ಲಿ ತೋರಿಸಿದರೆ, 1960ರ ದಶಕದಲ್ಲಿ ಶರಾವತಿಯ ಹಿನ್ನೀರಿನಲ್ಲಿ ಮನೆ ಮುಳುಗಿಸಿಕೊಂಡು ಬಂದವರ ಮಕ್ಕಳು ಎದ್ದುನಿಂತು ‘ನಮ್ಮ ಮಾತೆಲ್ಲಿ?’ ಎಂದು ಕೇಳಿಯಾರು. ಹೀಗೆ ಕೇಳುವವರಿಲ್ಲದ ಸಭೆಯಲ್ಲಿ ಪ್ರದರ್ಶನ ಅರ್ಧವೇ ಆಗುತ್ತದೆ.

ತ್ಯಾವರೆಕೊಪ್ಪದ ಹುಲಿ ಸಿಂಹಗಳನ್ನು ನೋಡಲು ನಮ್ಮ ಕುಟುಂಬಗಳು ಟಿಕೆಟ್ ಕೊಂಡು ಹೋಗುತ್ತವೆ, ಸಂತೋಷ. ಅದೇ ಸಾಗರ ರಸ್ತೆಯಲ್ಲಿ ಮುಂದುವರಿದು ಸಾಗರವನ್ನು ದಾಟಿದರೆ ಹೆಗ್ಗೋಡು. ಕೆ.ವಿ. ಸುಬ್ಬಣ್ಣನವರ ನೀನಾಸಮ್ ಅಡಿಕೆ ಬೆಳೆಗಾರರ ಆ ಹಳ್ಳಿಯಲ್ಲಿ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ತೋರಿಸಿ, ಅವುಗಳ ಕುರಿತು ಹಳ್ಳಿಗರನ್ನು ಮಾತಿಗೆಳೆಯಿತು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. ಹಳ್ಳಿಯಲ್ಲಿ ಸಾಧ್ಯವಾದದ್ದು ಜಿಲ್ಲಾ ಕೇಂದ್ರದಲ್ಲಿ ಏಕೆ ಸಾಧ್ಯವಿಲ್ಲ?

ಶಿವಮೊಗ್ಗದ ಶಿವಪ್ಪ ನಾಯಕ ಅರಮನೆಯಲ್ಲಿ ಸರಕಾರಿ ವಸ್ತುಸಂಗ್ರಹಾಲಯವಿದೆ. ಪುರಾತತ್ವ ಇಲಾಖೆಯು ಅಲ್ಲಿ ತಿಂಗಳಿಗೊಂದು ಭಾನುವಾರ ಸಾಕ್ಷ್ಯಚಿತ್ರ ತೋರಿಸಲಿ. ಕಾರ್ಯಕ್ರಮ ಮಧ್ಯಾಹ್ನವೇ ಆರಂಭವಾಗಲಿ. ಭದ್ರಾವತಿಯಿಂದ ಬರುವ ಹೆಂಗಸರು ಮಕ್ಕಳು ಚರ್ಚೆಯನ್ನೂ ಮುಗಿಸಿಕೊಂಡು ಕತ್ತಲಾಗುವ ಮೊದಲೇ ಬಸ್ಸು ಹತ್ತುವಂತಿರಬೇಕು.