ಉಳಿದದ್ದೆಷ್ಟು, ಕಳೆದದ್ದೇನು?

“ಉಮ್ಮಾ, ಇಪ್ಪತ್ತು ಸಾವಿರ ಉಳಿಯುತ್ತದೆ!”

ಮಗಳು ಅಡುಗೆ ಮನೆಯ ಬಾಗಿಲಲ್ಲಿ ನಿಂತು ಹೀಗೆಂದಾಗ ನಾನು ಮೀನು ತೊಳೆಯುತ್ತಿದ್ದೆ. ಅದು 2025ರ ಫೆಬ್ರವರಿ. ಆಪಲ್ ಕಂಪನಿಯು ಐಫೋನ್ 16ರ ಕಡಿಮೆ ಬೆಲೆಯ ಮಾದರಿಯಾಗಿ 16ಇ ಎಂಬುದನ್ನು ಆಗಷ್ಟೇ ಮಾರುಕಟ್ಟೆಗೆ ತಂದಿತ್ತು. ಐಫೋನ್ 16ಕ್ಕೆ ಆಗ 79,900 ರೂಪಾಯಿ. ಇದಕ್ಕೆ 59,900.

ಉಳಿಯುವ ಇಪ್ಪತ್ತು ಸಾವಿರವನ್ನು ಅವಳು ಎಣಿಸಿದಳು. ಖರ್ಚಾಗುವ ಅರುವತ್ತು ಸಾವಿರದ ಮಾತೇ ಬರಲಿಲ್ಲ. ನನ್ನ ಬಳಿಯಿದ್ದದ್ದು ಹೊಲಿಗೆಯಿಂದ ಕೂಡಿಟ್ಟ ಹಣ, ಅದೂ ಅವಳ ಮುಂದಿನ ವರ್ಷದ ಕಾಲೇಜು ಶುಲ್ಕಕ್ಕೆಂದು ತೆಗೆದಿಟ್ಟದ್ದು. ಕಂತಿನಲ್ಲಿ ಕೊಂಡರೆ ವರ್ಷವಿಡೀ ತಿಂಗಳಿಗೆ ಐದು ಸಾವಿರ. ಬಡ್ಡಿ ಬಿದ್ದರೆ ಅದು ಬೇರೆ.

ಬೇಡವೆಂದರೆ ಮುಖ ಬಾಡುತ್ತದೆ. ಹಾಗಾಗಿ, “ಬೆಲೆ ಇಳಿಸಲು ಏನನ್ನು ತೆಗೆದಿದ್ದಾರೆ, ಅದನ್ನು ಮೊದಲು ಬರೆದುಕೊಂಡು ಬಾ” ಎಂದೆ.

ರಾತ್ರಿ ಊಟದ ನಂತರ ಚೀಟಿ ಹಿಡಿದು ಬಂದಳು. ಪರದೆ ಎರಡರಲ್ಲೂ 6.1 ಇಂಚು. ಚಿಪ್ಪು ಎರಡರಲ್ಲೂ ಎ18, ಚಿತ್ರಗಳನ್ನು ಮೂಡಿಸುವ ಭಾಗದಲ್ಲಿ ಮಾತ್ರ ಐದರ ಬದಲು ನಾಲ್ಕು ಕೋರ್. ವೀಡಿಯೋ ನೋಡುವಾಗ ಬ್ಯಾಟರಿ ಇದರಲ್ಲೇ ಹೆಚ್ಚು ಬಾಳುತ್ತದೆ: ಕಂಪನಿಯ ಲೆಕ್ಕದಲ್ಲಿ 22 ಗಂಟೆಯ ಬದಲು 26. ಆಯಸ್ಕಾಂತದಿಂದ ಅಂಟಿಕೊಳ್ಳುವ ಮ್ಯಾಗ್‌ಸೇಫ್ ಚಾರ್ಜಿಂಗ್ ಇಲ್ಲ. ಹಿಂಬದಿಯ ಎರಡು ಕ್ಯಾಮೆರಾಗಳಲ್ಲಿ ಒಂದೇ ಉಳಿದಿದೆ.

ಅಲ್ಲಿಗೆ ಬಂದು ಅವಳ ಬೆರಳು ನಿಂತಿತು. ಅವಳು ಸಸ್ಯಶಾಸ್ತ್ರದ ವಿದ್ಯಾರ್ಥಿನಿ. ಫೋನ್ ಕೇಳಿದ್ದೇ ಎಲೆ, ಹೂವು, ಪರಾಗಗಳ ಚಿತ್ರವನ್ನು ತೀರಾ ಹತ್ತಿರದಿಂದ ತೆಗೆಯಲು. ಐಫೋನ್ 16ರಲ್ಲಿ ಆ ಕೆಲಸ ಮಾಡುವುದು ಎರಡನೆಯ ಕ್ಯಾಮೆರಾ. 16ಇಯಲ್ಲಿ ಇಲ್ಲದಿರುವುದು ಅದೇ!

ದೂರದ ಮಕ್ಕಳೊಡನೆ ಮಾತಾಡಲಷ್ಟೇ ಫೋನ್ ಬೇಕಾದ ಹಿರಿಯರಿಗೆ ಆ ಕ್ಯಾಮೆರಾ ಇಲ್ಲದಿದ್ದರೆ ನಷ್ಟವಿಲ್ಲ. ನನ್ನ ಮಗಳಿಗೆ ಮಾತ್ರ ಅರುವತ್ತು ಸಾವಿರ ಕೊಟ್ಟೂ ಬೇಕಾದದ್ದು ಸಿಗುತ್ತಿರಲಿಲ್ಲ. ಆದ್ದರಿಂದ ಎಷ್ಟು ಉಳಿಯಿತು ಎಂದು ಕೇಳುವ ಮೊದಲು ಏನು ಹೋಯಿತು, ಅದು ನಮಗೆ ಬೇಕಾದದ್ದೇ ಎಂದು ಕೇಳಬೇಕು.

ಕಾದರೆ ಲೆಕ್ಕವೂ ಬದಲಾಗುತ್ತದೆ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಐಫೋನ್ 17 ಬಂದಾಗ ಕಂಪನಿಯು 16ರ ಬೆಲೆಯನ್ನು 69,900ಕ್ಕೆ ಇಳಿಸಿತು.

ನಾವು ಆಗಲೂ ಕೊಳ್ಳಲಿಲ್ಲ. ಶುಲ್ಕ ಕಟ್ಟಿ ಆಗಿತ್ತು. ಮಗಳು ಪ್ರಯೋಗಾಲಯದ ಪುಟ್ಟ ಭೂತಗನ್ನಡಿಯನ್ನು ಹಳೆಯ ಫೋನಿನ ಕ್ಯಾಮೆರಾಕ್ಕೆ ಹಿಡಿದು ನಮ್ಮ ಅಂಗಳದ ದಾಸವಾಳದ ಪರಾಗದ ಚಿತ್ರ ತೆಗೆದಿದ್ದಾಳೆ. ಅಂಚು ಸ್ವಲ್ಪ ಮಬ್ಬು. ನಡುವಿನ ಹಳದಿ ಕಾಳುಗಳನ್ನು ಮಾತ್ರ ಎಣಿಸಬಹುದು.