ವ್ಯಾನಿನಲ್ಲೊಂದು ಚಳಿರಾತ್ರಿ

ಡಿಸೆಂಬರ್ ರಜೆ ಬಂತೆಂದರೆ ನಮ್ಮ ಹಿಂದವಾಡಿಯ ಹಳೆಯ ಓಮ್ನಿಗಳಿಗೂ ಯೋಗ ಕೂಡಿ ಬರುತ್ತದೆ. ಮೊನ್ನೆ ತಮ್ಮ ಬಂದು, "ಆಪಾ, ಹಿಂದಿನ ಸೀಟು ಬಿಚ್ಚಿದ್ದೇನೆ. ಖಾನಾಪುರದ ಮಾಮೂ ಹೊಲದಲ್ಲಿ ಮಕ್ಕಳೊಂದಿಗೆ ಒಂದು ರಾತ್ರಿ ವ್ಯಾನಿನಲ್ಲೇ ಮಲಗುತ್ತೇವೆ. ನಿಮ್ಮ ಶೇಗಡಿ ಕೊಡಿ" ಎಂದ. ಶೇಗಡಿ ಕೊಡಲಿಲ್ಲ, ನಾಲ್ಕು ಕೌದಿ ಕೊಟ್ಟೆ.

ವಾಹನದೊಳಗೆ ಚಳಿ ಏರುವುದು ಕೆಳಗಿನ ತಗಡಿನಿಂದ. ಆದ್ದರಿಂದ ಹೊದಿಕೆಗಿಂತ ಹಾಸಿಗೆ ದಪ್ಪವಿರಬೇಕು. ಮೊದಲು ರಟ್ಟು, ಮೇಲೆ ಗೋಣಿಚೀಲ, ಅದರ ಮೇಲೆ ಕೌದಿ. ಎದುರುಬದುರಿನ ಎರಡು ಗಾಜುಗಳನ್ನು ಎರಡು ಬೆರಳಷ್ಟು ಇಳಿಸಿಯೇ ಇಡಿ. ಇಲ್ಲದಿದ್ದರೆ ಉಸಿರಿನ ತೇವ ತಗಡಿಗೆ ತಾಗಿ ನೀರಾಗಿ, ಬೆಳಗಿನ ಹೊತ್ತಿಗೆ ಹಾಸಿಗೆ ಒದ್ದೆ.

"ಗಾಜು ತೆರೆದಿದ್ದರೆ ಶೇಗಡಿಗೇನು ಅಡ್ಡಿ?" ಎಂದು ತಮ್ಮ ಪಟ್ಟು ಹಿಡಿದ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ. ಸಂದಿನ ಗಾಳಿಯನ್ನು ನಂಬಿ ಅದರ ಪಕ್ಕದಲ್ಲಿ ಮಲಗುವಂತಿಲ್ಲ. 2025ರ ನವೆಂಬರಿನಲ್ಲಿ ನಮ್ಮ ಬೆಳಗಾವಿಯ ಅಮನ್ ನಗರದಲ್ಲೇ ಮೂವರು ಯುವಕರು ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿಸಿ ಮಲಗಿದವರು ಮತ್ತೆ ಏಳಲಿಲ್ಲ. ಅದನ್ನು ನೆನಪಿಸಿದಾಗ ತಮ್ಮ ಸುಮ್ಮನಾದ. ಎಂಜಿನ್ ಚಾಲೂ ಇಟ್ಟು ಮಲಗುವುದೂ ಅಷ್ಟೇ ಅಪಾಯ.

ಬಿಸಿನೀರು ತುಂಬಿದ ರಬ್ಬರ್ ಚೀಲವನ್ನು ಬಟ್ಟೆಯಲ್ಲಿ ಸುತ್ತಿ ಕಾಲ ಬಳಿ ಇಟ್ಟರೆ ಸಾಕು. ಮುಚ್ಚಳ ಮಾತ್ರ ನೀವೇ ತಿರುಗಿಸಿ ನೋಡಿ, ಮಕ್ಕಳ ಕೈಗೆ ಬಿಡಬೇಡಿ.